ಗ್ಲಾರುಸಿನ ಬಯಲು, ಡೊಂಬಿವಲಿಯ ಗಚ್ಚಿ

ಡೊಂಬಿವಲಿ, ಹೊರಡುವ ದಿನ

ನಲವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತುವ ಮನುಷ್ಯನ ಮನೆಯಲ್ಲಿ ಏನೇನು ನಡೆಯಬೇಕೋ ಅದೆಲ್ಲ ನಮ್ಮ ಮನೆಯಲ್ಲೂ ನಡೆಯಿತು. ಬೆಳಿಗ್ಗೆಯಿಂದ ಜನವೋ ಜನ. ಒಬ್ಬರು ಹಾರ ತಂದರು, ಒಬ್ಬರು ಪೇಢೆ ತಂದರು, ಒಬ್ಬರು ಅಲ್ಲಿಂದ ಬರುವಾಗ ಒಂದು ಗಡಿಯಾರ ತರುವಂತೆ ಕಿವಿಯಲ್ಲಿ ಹೇಳಿ ಹೋದರು. ನಾನು ಉಣ್ಣೆಯ ಸೂಟಿನೊಳಗೆ ಬೆವರುತ್ತ ಎಲ್ಲರಿಗೂ ಕೈ ಮುಗಿಯುತ್ತಿದ್ದೆ. ಅದು ಎಂಬತ್ನಾಲ್ಕನೆಯ ಇಸವಿಯ ಏಪ್ರಿಲ್. ಡೊಂಬಿವಲಿಯ ಏಪ್ರಿಲಿನಲ್ಲಿ ಉಣ್ಣೆಯ ಸೂಟು ತೊಟ್ಟವನನ್ನು ನೋಡಿಯೂ ಜನ ನಗಲಿಲ್ಲವೆಂದರೆ ಅದು ಅವರ ದೊಡ್ಡತನ.

ನನ್ನ ನೌಕರಿ ಇಲ್ಲಿನ ಎಂಐಡಿಸಿ ಕೈಗಾರಿಕಾ ಬಡಾವಣೆಯ ಒಂದು ಬಟ್ಟೆ ಪ್ರಿಂಟಿಂಗ್ ಕಾರ್ಖಾನೆಯಲ್ಲಿ. ಭಿವಂಡಿಯಲ್ಲಿ ನೇಯ್ದ ಬಟ್ಟೆ ನಮ್ಮಲ್ಲಿಗೆ ಬಂದು ಮೈತುಂಬ ಹೂ ಹೊತ್ತು ಹೋಗುತ್ತದೆ. ಮಾಲೀಕರು ಸ್ವಿಟ್ಜರ್ಲೆಂಡಿನಿಂದ ಹೊಸ ಪ್ರಿಂಟಿಂಗ್ ಮಷೀನು ತರಿಸುವವರಿದ್ದರು. ಅದನ್ನು ನಡೆಸುವುದು ಕಲಿಯಲು ಆರು ವಾರ ಒಬ್ಬನನ್ನು ಕಳಿಸಬೇಕಿತ್ತು. ಬಾಗಲಕೋಟೆಯಿಂದ ಟ್ರಂಕು ಹಿಡಿದು ಬಂದಿದ್ದ ಈ ವಾಮನ ಕುಲಕರ್ಣಿಯ ಹಣೆಯಲ್ಲಿ ಅದು ಬರೆದಿತ್ತು.

ಆದರೆ ಬಿಲ್ಡಿಂಗಿನ ಜನ ಬಂದದ್ದು ಫೋರಮನ್ ಕುಲಕರ್ಣಿಗಾಗಿ ಅಲ್ಲ, ಚೇರ್ಮನ್ ಕುಲಕರ್ಣಿಗಾಗಿ. ಹದಿನಾರು ಫ್ಲ್ಯಾಟಿನ ನಮ್ಮ ಸೊಸೈಟಿಗೆ ನಾನು ಏಳು ವರ್ಷದಿಂದ ಅವಿರೋಧವಾಗಿ ಚೇರ್ಮನ್. ವಿರೋಧಿಸಬೇಕಾದರೆ ಮೊದಲು ಮೀಟಿಂಗ್ ಆಗಬೇಕಲ್ಲ, ನಮ್ಮಲ್ಲಿ ಅದೇ ಆಗುತ್ತಿರಲಿಲ್ಲ. ಏನು ಠರಾವು ಬೇಕೋ ಅದನ್ನು ನಾನೂ ಸೆಕ್ರೆಟರಿ ಸಂಜೀವ ಶೆಟ್ಟರೂ ಮೆಟ್ಟಿಲ ಮೇಲೆ ನಿಂತು ಮಾತಾಡಿಕೊಳ್ಳುತ್ತಿದ್ದೆವು. ಉಡುಪಿ ಕಡೆಯ ಶೆಟ್ಟರಿಗೆ ಕಲ್ಯಾಣ ಸ್ಟೇಷನ್ನಿನ ಹತ್ತಿರ ಹೋಟೆಲು, ಅಕ್ಷರ ಮುತ್ತಿನಂಥದ್ದು. ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಅವರು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು: ಸಭೆ ಸೇರಿತು, ಸಾಕಷ್ಟು ಚರ್ಚೆಯಾಯಿತು, ಸರ್ವಾನುಮತದಿಂದ ಪಾಸಾಯಿತು. ಆಮೇಲೆ ರಿಜಿಸ್ಟರು ಮನೆಮನೆಗೆ ಹೋಗುತ್ತಿತ್ತು. ಕೆಲವರು ಬಾಗಿಲ ಚೌಕಟ್ಟಿಗೇ ಒತ್ತಿ ಹಿಡಿದು ಸಹಿ ಮಾಡುತ್ತಿದ್ದರು, ಕೆಲವರು ಬಾಯಲ್ಲಿ ಟೂತ್‌ಬ್ರಶ್ ಇಟ್ಟುಕೊಂಡೇ. ಈ ಪದ್ಧತಿ ನಮ್ಮೊಬ್ಬರದೇ ಅಂತ ತಿಳಿಯಬೇಡಿ. ಠಾಣೆಯಿಂದ ಕಲ್ಯಾಣದವರೆಗೆ ಎಷ್ಟೋ ಬಿಲ್ಡಿಂಗುಗಳ ಪ್ರಜಾಪ್ರಭುತ್ವ ಹೀಗೆ ಚೌಕಟ್ಟಿಗೆ ಒತ್ತಿಕೊಂಡೇ ನಡೆಯುತ್ತಿತ್ತು.

ಆ ದಿನವೂ ರಿಜಿಸ್ಟರು ಬಂತು. ವಿಷಯ ಕಂಪೌಂಡಿನ ನಲ್ಲಿ. ನಮ್ಮ ಬಿಲ್ಡಿಂಗಿನ ಹಿಂದೆ ಸಾಲುಮನೆಗಳ ಒಂದು ಬೈಠಾ ಚಾಳು ಇದೆ. ಅಲ್ಲಿನ ಹೆಂಗಸರು ಬೆಳಗಾಗುತ್ತಲೇ ನಮ್ಮ ಕಂಪೌಂಡಿನ ನಲ್ಲಿಯಿಂದ ಕೊಡ ತುಂಬಿಕೊಂಡು ಹೋಗುತ್ತಿದ್ದರು. ಬಿಲ್ಡಿಂಗಿನ ನೆತ್ತಿಯ ಗಚ್ಚಿಯ ಮೇಲಿನ ನೀರಿನ ಟಾಕಿ ತುಂಬುತ್ತಿಲ್ಲವೆಂದು ಮೇಲಿನ ಮಹಡಿಯವರ ತಕರಾರು. ನಲ್ಲಿಯನ್ನೇ ಬಂದ್ ಮಾಡುವುದೆಂದು ನಾನು ತೀರ್ಮಾನಿಸಿದೆ, ಅರ್ಥಾತ್ ಹದಿನಾರು ಜನ ತೀರ್ಮಾನಿಸಿದರು. ಎಲ್ಲರ ಸಹಿಯೂ ಬಂತು, ಕೆಳಮಹಡಿಯ ಜೋಶಿ ಕಾಕೂ ಒಬ್ಬರನ್ನು ಬಿಟ್ಟು. ಅವರು ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ರಿಟೈರಾದ ಟೀಚರು. ನಡೆಯದ ಮೀಟಿಂಗಿಗೆ ತಾನು ಹಾಜರಿದ್ದೆ ಎಂದು ಸಹಿ ಹಾಕಲಾರೆ ಅಂತ ಮರಾಠಿಯಲ್ಲಿ ಮೆತ್ತಗೆ ಹೇಳಿ ರಿಜಿಸ್ಟರು ವಾಪಸು ಕೊಟ್ಟರಂತೆ.

ನನಗೆ ಸಿಟ್ಟು ಬಂತು. ವಿದೇಶಕ್ಕೆ ಹೊರಟ ಚೇರ್ಮನ್ನನಿಗೆ ಒಂದು ಸಹಿಯ ಮರ್ಯಾದೆಯೂ ಇಲ್ಲವೇ ಎಂದುಕೊಂಡೆ. ಹದಿನೈದು ಸಹಿ ಬೇಕಾದಷ್ಟಾಯಿತು, ಪ್ಲಂಬರನನ್ನು ಕರೆಸಿಬಿಡಿ ಎಂದರೆ ಶೆಟ್ಟರು ಒಪ್ಪಲಿಲ್ಲ. ನೀವು ಬಂದ ಮೇಲೇ ಆಗಲಿ, ಚಾಳಿನವರ ಬೈಗುಳ ನಾನೊಬ್ಬನೇ ಯಾಕೆ ತಿನ್ನಬೇಕು ಎಂದರು. ಹೀಗೆ ನಲ್ಲಿಯನ್ನು ಅರ್ಧಕ್ಕೆ ಬಿಟ್ಟು ನಾನು ಸ್ವಿಟ್ಜರ್ಲೆಂಡಿಗೆ ಹೊರಟೆ.

ಜೂರಿಕ್‌ನಿಂದ ರೈಲಿನಲ್ಲಿ

ವಿಮಾನದ ವರ್ಣನೆ ಬೇಡ. ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ನನ್ನ ಮಾನ ಹೋದದ್ದು ನೆಲಕ್ಕಿಳಿದ ಮೇಲೆ. ಜೂರಿಕ್ ಸ್ಟೇಷನ್ನಿನಲ್ಲಿ ರೈಲು ಕಂಡದ್ದೇ ತಡ, ಇಪ್ಪತ್ತು ವರ್ಷದ ಲೋಕಲ್ ಅಭ್ಯಾಸ ಮೈಯಲ್ಲಿ ಎದ್ದು ಕೂತಿತು. ರೈಲು ಪೂರ್ತಿ ನಿಲ್ಲುವ ಮೊದಲೇ ಬಾಗಿಲಿನ ಜೊತೆ ಓಡಿದೆ. ನುಗ್ಗಿದೆ. ಕಿಟಕಿಯ ಸೀಟಿನ ಮೇಲೆ ದೂರದಿಂದಲೇ ಕರವಸ್ತ್ರ ಎಸೆದೆ. ಆಮೇಲೆ ತಿರುಗಿ ನೋಡಿದರೆ ಇಡೀ ಡಬ್ಬಿಯಲ್ಲಿ ಇದ್ದದ್ದು ನಾಲ್ಕೇ ಜನ. ಒಬ್ಬ ಮುದುಕ ಎದ್ದು ಬಂದು, ಪಾಪ, ಬಿದ್ದುಹೋಯಿತೆಂದು ತಿಳಿದು ಕರವಸ್ತ್ರವನ್ನು ಎತ್ತಿ ನನ್ನ ಕೈಗೆ ಕೊಟ್ಟ. ಸೀಟು ಕೈತಪ್ಪೀತೆಂದು ನಾನು ಮತ್ತೆ ಅದನ್ನು ಅಲ್ಲೇ ಹಾಸಿದೆ. ಅವನು ಮತ್ತೆ ಎತ್ತಿಕೊಟ್ಟ. ಕೊನೆಗೆ ನಾನು ಅದರ ಮೇಲೆಯೇ ಕೂತು ಈ ಸೌಜನ್ಯವನ್ನು ನಿಲ್ಲಿಸಬೇಕಾಯಿತು.

ನಮ್ಮಲ್ಲಿ ದಿವಾ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವ ಹಾಗೆ ನಡುವೆ ಒಂದು ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಿತ್ತು. ಇಳಿಯುವವರು ಇಳಿದು ಮುಗಿಯುವ ತನಕ ಹತ್ತುವವರು ಪಕ್ಕದಲ್ಲಿ ನಿಂತೇ ಇದ್ದರು. ಇದೇನು ಗಾಡಿ ಹತ್ತುವುದೋ, ದೇವರ ಗುಡಿಯಲ್ಲಿ ತೀರ್ಥಕ್ಕೆ ನಿಲ್ಲುವುದೋ ಎನ್ನಿಸಿತು. ಅಲ್ಲಿಂದ ಕಣಿವೆಯೊಳಗೆ ಹೊಕ್ಕರೆ ಎರಡು ಕಡೆಗೂ ಹಿಮದ ಬೆಟ್ಟ, ನಡುವೆ ಗ್ಲಾರುಸ್ ಎಂಬ ಊರು. ನಮ್ಮ ಕಡೆಯ ಒಂದು ತಾಲೂಕಿನ ಊರಿನಷ್ಟು ದೊಡ್ಡದಿರಬಹುದು. ಆದರೆ ಅದು ಒಂದು ರಾಜ್ಯದ ರಾಜಧಾನಿ! ಸ್ವಿಟ್ಜರ್ಲೆಂಡಿನಲ್ಲಿ ರಾಜ್ಯಕ್ಕೆ ಕ್ಯಾಂಟನ್ ಎನ್ನುತ್ತಾರೆ. ಇಷ್ಟು ಚಿಕ್ಕ ರಾಜ್ಯದ ಮುಖ್ಯಮಂತ್ರಿಗಿಂತ ನಮ್ಮ ಸೊಸೈಟಿಯ ಚೇರ್ಮನ್ನನೇ ವಾಸಿ ಎಂದು ನಾನು ಒಳಗೊಳಗೇ ಮೀಸೆ ತಿರುವಿಕೊಂಡೆ.

ಮಾರ್ಟಿ ಅಮ್ಮನ ಅಡುಗೆಮನೆ

ಕಂಪನಿಯವರು ನನಗೆ ಇಳಿಯಲು ಗೊತ್ತು ಮಾಡಿದ್ದು ಮಾರ್ಟಿ ಎಂಬ ವಿಧವೆಯ ಮನೆ. ವಯಸ್ಸು ಅರವತ್ತು ದಾಟಿತ್ತು. ಹುಡುಗಿಯಾಗಿದ್ದಾಗ ಇಂಗ್ಲೆಂಡಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಬರುತ್ತಿತ್ತು. ನಾನು ಶಾಕಾಹಾರಿ ಎಂದು ಕೇಳಿ ಅವರಿಗೆ ಕಾಯಿಲೆಯವನನ್ನು ಕಂಡಷ್ಟು ಕನಿಕರ. ಮೊದಲ ದಿನ ಹಸಿರು ಬಣ್ಣದ, ಗಟ್ಟಿಯಾದ ಒಂದು ಮುದ್ದೆಯನ್ನು ತುರಿದು ತುರಿದು ನನ್ನ ತಟ್ಟೆಗೆ ಹಾಕಿದರು. ಚಟ್ನಿಪುಡಿಯ ಹಾಗೆ ಕಂಡಿತು. ಊರು ಬಿಟ್ಟು ಎರಡೇ ದಿನಕ್ಕೆ ಚಟ್ನಿಪುಡಿಯ ದರ್ಶನವಾದ ಸಂತೋಷಕ್ಕೆ ಒಂದು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡೆ. ಅದು ಅವರ ಕಡೆಯ ಒಂದು ಬಗೆಯ ಚೀಸು. ಅದರ ವಾಸನೆ ಮೂಗಿನಿಂದ ನೆತ್ತಿಗೆ ಏರಿ ಕೂತಿತು. ಆದರೆ ನಂಬಿ, ನಾಲ್ಕನೆಯ ದಿನಕ್ಕೆ ನಾನೇ ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಊಟವಾದ ಮೇಲೆ ಮಾರ್ಟಿ ಅಮ್ಮ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ತೆರೆದು, ಪೆನ್ಸಿಲು ಹಿಡಿದು ಓದುತ್ತ ಕೂರುತ್ತಿದ್ದರು. ಅಲ್ಲಲ್ಲಿ ಗೆರೆ ಎಳೆಯುತ್ತಿದ್ದರು, ಅಲ್ಲಲ್ಲಿ ಪ್ರಶ್ನೆಯ ಚಿಹ್ನೆ. ಯಾವುದೋ ಧರ್ಮಗ್ರಂಥವಿರಬೇಕೆಂದು ನಾನು ಗೌರವದಿಂದ ದೂರ ಇದ್ದೆ. ಮೂರನೆಯ ದಿನ ತಡೆಯಲಾರದೆ ಕೇಳಿದೆ. ಅದು ಸರ್ಕಾರ ಪ್ರತಿ ಮನೆಗೂ ಕಳಿಸುವ ಪುಸ್ತಕವಂತೆ. ಮೇ ತಿಂಗಳ ಮೊದಲ ಭಾನುವಾರ ಇಡೀ ರಾಜ್ಯದ ಜನ ಊರ ಬಯಲಿನಲ್ಲಿ ಸೇರುತ್ತಾರೆ. ಅಲ್ಲಿ ಕಾನೂನು ಬೇಕೋ ಬೇಡವೋ ಎಂದು ಕೈ ಎತ್ತಿ ಹೇಳುವವರು ಅವರೇ. ಯಾವ ಯಾವ ಕಾನೂನು, ಯಾಕೆ, ಏನು ಎಂಬುದೆಲ್ಲ ಆ ಪುಸ್ತಕದಲ್ಲಿದೆ. ಓದದೆ ಹೋಗಿ ಕೈ ಎತ್ತುವುದು ಹೇಗೆ ಎಂದು ಅವರು ನನ್ನನ್ನೇ ಕೇಳಿದರು.

ನಾನು ಸುಮ್ಮನಿರಬೇಕಿತ್ತು. ಆದರೆ ನಾನೂ ಏನು ಕಡಿಮೆ? ಹದಿನಾರು ಕುಟುಂಬಗಳ ಅಧ್ಯಕ್ಷ ನಾನು, ಏಳು ವರ್ಷದಿಂದ ಅವಿರೋಧ ಆಯ್ಕೆ ಎಂದೆ. ಮಾರ್ಟಿ ಅಮ್ಮನ ಕಣ್ಣರಳಿತು. ಪೆನ್ಸಿಲು ಕೆಳಗಿಟ್ಟರು. ನಿಮ್ಮ ಸಭೆ ಎಷ್ಟು ಹೊತ್ತು ನಡೆಯುತ್ತದೆ ಎಂದು ಕೇಳಿದರು.

ಎರಡು ಗಂಟೆ ಎಂದೆ. ಬಾಯಿ ತನ್ನಷ್ಟಕ್ಕೆ ಆಡಿಬಿಟ್ಟಿತು. ಎರಡು ಗಂಟೆ ಬಹಳ ಕಡಿಮೆಯಾಯಿತಲ್ಲ, ಎಲ್ಲರಿಗೂ ಮಾತಾಡಲು ಅವಕಾಶ ಸಿಗುತ್ತದೆಯೇ ಎಂದು ಅವರು ಚಿಂತೆಯಿಂದ ಕೇಳಿದರು. ನನಗೆ ಜೋಶಿ ಕಾಕೂ ನೆನಪಾದರು. ನಾಚಿಕೆಯಾಯಿತು ಎಂದು ಬಾಯಿಬಿಟ್ಟು ಹೇಳುತ್ತೇನೆ.

ಗ್ಲಾರುಸ್, ಮೇ ತಿಂಗಳ ಮೊದಲ ಭಾನುವಾರ

ಅಂಥ ಬೆಳಗನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಚರ್ಚಿನ ಗಂಟೆಗಳು ಮೊಳಗುತ್ತಿದ್ದವು. ಹಳ್ಳಿಹಳ್ಳಿಯಿಂದ ರೈಲುಗಳಲ್ಲಿ ಜನ ಬಂದಿಳಿಯುತ್ತಿದ್ದರು. ಅಜ್ಜಂದಿರು, ದನ ಕಾಯುವವರು, ಕೈಗೂಸು ಹೊತ್ತ ತಾಯಂದಿರು, ಎಲ್ಲರೂ ಮದುವೆಗೆ ಹೊರಟವರಂತೆ ಒಳ್ಳೆಯ ಬಟ್ಟೆ ಉಟ್ಟಿದ್ದರು. ಬಯಲಿನಲ್ಲಿ ಮರದ ಹಲಗೆಗಳಿಂದ ದುಂಡಗೆ ಒಂದು ಅಖಾಡ ಕಟ್ಟಿದ್ದರು. ನಡುವೆ ಒಂದು ಮಂಚಿಕೆ. ಬ್ಯಾಂಡು ಬಾರಿಸಿಕೊಂಡು ಸರ್ಕಾರ ಬಂತು. ಹೌದು, ಇಡೀ ಸರ್ಕಾರವೇ ನಡೆದುಕೊಂಡು ಬಂತು! ಅವರ ಮುಖ್ಯಸ್ಥ ಕೈಯಲ್ಲಿ ಕತ್ತಿ ಹಿಡಿದು ಮಂಚಿಕೆ ಏರಿ ಕತ್ತಿಯನ್ನು ನೆಲಕ್ಕೆ ಊರಿಕೊಂಡು ನಿಂತ. ಕುರ್ಚಿ ಇಲ್ಲ, ಹಾರ ಇಲ್ಲ. ಅವನು ಕೆಳಗಿನಿಂದ ಮೇಲಕ್ಕೆ ನೋಡಿದರೆ ಮಾತ್ರ ಜನ ಕಾಣುವ ಹಾಗಿತ್ತು, ಯಾಕೆಂದರೆ ಜನ ನಿಂತದ್ದು ಸುತ್ತಲೂ ಎತ್ತರವಾಗುತ್ತ ಹೋಗುವ ಹಲಗೆಗಳ ಮೇಲೆ.

ಒಳಗೆ ಹೋಗಲು ಬಣ್ಣದ ಒಂದು ಚೀಟಿ ಬೇಕು. ಮಾರ್ಟಿ ಅಮ್ಮ ತಮ್ಮ ಚೀಟಿಯನ್ನು ನನಗೆ ತೋರಿಸಿ, ನನ್ನನ್ನು ಬೇಲಿಯ ಹೊರಗೆ, ನೋಡಲು ಬಂದವರ ನಡುವೆ ನಿಲ್ಲಿಸಿದರು. ತಾವು ಬೇಲಿಗೆ ತಾಗಿದ ಒಳಗಿನ ಹಲಗೆಯ ಮೇಲೆ, ನನಗೆ ಕೈಯಳತೆಯಲ್ಲಿ ನಿಂತು ಆಗಾಗ ಅರ್ಥ ಹೇಳುತ್ತಿದ್ದರು.

ಒಂದು ರಸ್ತೆಯ ವಿಷಯ ಬಂತು. ಸರ್ಕಾರಕ್ಕೆ ರಸ್ತೆ ಬೇಕಿತ್ತು. ನಾನು ಕೆಲಸ ಕಲಿಯುತ್ತಿದ್ದ ಕಾರ್ಖಾನೆಯ ಮಾಲೀಕರು ಮಂಚಿಕೆ ಹತ್ತಿ, ರಸ್ತೆ ಆಗಲೇಬೇಕೆಂದು ಚೆನ್ನಾಗಿ ಮಾತಾಡಿದರು. ಅವರು ಇಳಿಯುತ್ತಲೇ ಇನ್ನೊಬ್ಬ ಹತ್ತಿದ. ನೋಡಿದರೆ, ನನಗೆ ದಿನಾ ಮಷೀನು ಬಿಚ್ಚಿ ಜೋಡಿಸಿ ಕಲಿಸುತ್ತಿದ್ದ ಫಿಟ್ಟರು! ಅದೇ ಮಾಲೀಕರ ಕೈಕೆಳಗಿನ ಮನುಷ್ಯ. ಅವನು ರಸ್ತೆ ಬೇಡವೆಂದ. ಅದು ಯಾರ ಯಾರ ಹೊಲ ತಿನ್ನುತ್ತದೆ ಎಂದು ಬೆರಳು ಮಡಚಿ ಹೇಳಿದ. ನಾಳೆ ಇವನ ನೌಕರಿಯ ಗತಿ ಏನು ಎಂಬ ಭಯ ಒಂದು ಕಡೆ, ಭಲೇ ಎನ್ನುವ ಉಬ್ಬು ಇನ್ನೊಂದು ಕಡೆ.

ಕತ್ತಿ ಹಿಡಿದವನು ರಸ್ತೆ ಬೇಡವೆನ್ನುವವರು ಯಾರು ಎಂದು ಕೇಳಿದ. ಬಣ್ಣದ ಚೀಟಿಗಳು ಒಂದೇ ಸಲಕ್ಕೆ ಮೇಲೆದ್ದವು. ಅದನ್ನು ಹೇಗೆ ಹೇಳಲಿ? ನನ್ನ ಮೈ ಜುಮ್ಮೆಂದಿತು. ಸಾವಿರಾರು ಕೈ, ಒಂದು ಸದ್ದಿಲ್ಲ. ಅಷ್ಟರಲ್ಲಿ ಯಾರೋ ನನ್ನ ತೋಳನ್ನು ಹಿಡಿದು ಕೆಳಕ್ಕೆ ಎಳೆದರು. ಮಾರ್ಟಿ ಅಮ್ಮ. ನನಗೇ ಗೊತ್ತಿಲ್ಲದೆ ನನ್ನ ಬಲಗೈ ಪೂರ್ತಿ ಮೇಲಕ್ಕೆ ಹೋಗಿತ್ತು. ಊರಿನಲ್ಲಿ ಒಂದು ದಿನವೂ ಕೈ ಎತ್ತದವನು, ಪರದೇಶದ ರಸ್ತೆಯ ಮೇಲೆ ಮತ ಹಾಕಲು ಹೊರಟಿದ್ದೆ. ಅಕ್ಕಪಕ್ಕದವರು ನಕ್ಕರು, ನಾನೂ ನಕ್ಕೆ. ರಸ್ತೆಯ ಠರಾವು ಬಿದ್ದುಹೋಯಿತು. ಕತ್ತಿ ಹಿಡಿದವನು ಸೋತ ಮುಖ ಮಾಡದೆ, ಜನ ಹೇಳಿದ್ದು ಇದು ಎಂದು ಸಾರಿ ಮುಂದಿನ ವಿಷಯಕ್ಕೆ ಹೋದ.

ಸಭೆ ಮುಗಿಸಿ ಮನೆಗೆ ನಡೆಯುತ್ತಿದ್ದಾಗ ಮಾರ್ಟಿ ಅಮ್ಮ ಇನ್ನೂ ಆ ಚೀಟಿಯನ್ನು ಕೈಯಲ್ಲೇ ಹಿಡಿದಿದ್ದರು. ಇದೆಲ್ಲ ನೂರಾರು ವರ್ಷದ್ದೇ ಎಂದು ನಾನು ಹೊಗಳಿದೆ. ಅವರು ನಿಂತರು.

"ನೂರಾರು ವರ್ಷ ಗಂಡಸರದ್ದು," ಎಂದರು. "ನನಗೆ ಈ ಚೀಟಿ ಸಿಗಲು ಶುರುವಾಗಿ ಹದಿಮೂರು ವರ್ಷ. ಅದಕ್ಕೆ ಮೊದಲು ನನ್ನ ಗಂಡ ಇಲ್ಲಿಗೆ ಬಂದು ಕೈ ಎತ್ತುತ್ತಿದ್ದ. ಮನೆಗೆ ಬಂದ ಮೇಲೆ ನಾನು ಸೂಪು ಬಡಿಸುತ್ತ ಕೇಳುತ್ತಿದ್ದೆ, ಈ ಸಲ ನಾವು ಏನು ಹೇಳಿದೆವು ಅಂತ."

ಹತ್ತಿರದ ಒಂದು ಕ್ಯಾಂಟನ್ನಿನಲ್ಲಿ ಹೆಂಗಸರಿಗೆ ಇಂದಿಗೂ ಬಯಲಿನೊಳಗೆ ಜಾಗವಿಲ್ಲ ಎಂದೂ ಹೇಳಿದರು. ಎಂಥ ಜನ ಇವರು, ನಮ್ಮ ದೇಶದಲ್ಲಿ ಮೊದಲ ಚುನಾವಣೆಯಿಂದಲೇ ಹೆಂಗಸರು ಮತ ಹಾಕಿದ್ದಾರೆ ಎಂದು ನಾನು ಎದೆ ಉಬ್ಬಿಸಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಫ್ಲ್ಯಾಟಿನ ಕಾಗದ ನೆನಪಾಯಿತು.

ನಮ್ಮ ಫ್ಲ್ಯಾಟು ಕೊಳ್ಳುವಾಗ ಸಾಲ ಸಿಕ್ಕದ್ದು ನನ್ನ ಹೆಂಡತಿ ಗಿರಿಜಾಳಿಗೆ. ಅವಳು ಠಾಣೆಯ ಒಂದು ಬ್ಯಾಂಕಿನಲ್ಲಿ ನೌಕರಿ ಮಾಡುತ್ತಾಳೆ. ಆದ್ದರಿಂದ ಫ್ಲ್ಯಾಟು ಅವಳ ಹೆಸರಿನಲ್ಲಿ, ಸೊಸೈಟಿಯ ಶೇರು ಅವಳ ಹೆಸರಿನಲ್ಲಿ. ಮೆಂಬರು ಅವಳು. ನಾನು ಏನೂ ಅಲ್ಲ. ಏಳು ವರ್ಷ ರಿಜಿಸ್ಟರಿನಲ್ಲಿ ಅವಳ ಜಾಗದಲ್ಲಿ ಸಹಿ ಹಾಕಿದವನು ನಾನು, ಅವಳ ಹೆಸರಿನ ಮೇಲೆ ಚೇರ್ಮನ್ ಆದವನು ನಾನು. ನಮ್ಮ ಬಿಲ್ಡಿಂಗಿನ ಒಬ್ಬನಿಗಾದರೂ ಇದು ಹೊಳೆದಿರಲಿಲ್ಲ, ಗಂಡ ಇರುವಾಗ ಗಂಡನೇ ತಾನೆ. ಮಾರ್ಟಿ ಅಮ್ಮನ ಗಂಡನಿಗಾದರೂ ಕಾನೂನಿನ ನೆಪವಿತ್ತು. ನನಗೆ ಅದೂ ಇರಲಿಲ್ಲ.

ಸೋಮವಾರ ಕಾರ್ಖಾನೆಗೆ ಹೋದರೆ ಮಾಲೀಕರೂ ಫಿಟ್ಟರೂ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ರಸ್ತೆಯ ಮಾತೇ ಆಡುತ್ತಿದ್ದರು, ನಗುತ್ತಿದ್ದರು. ನಮ್ಮಲ್ಲಿ ಸ್ಕೂಟರು ನಿಲ್ಲಿಸುವ ಜಾಗದ ಮೇಲೆ ಜಗಳವಾಗಿ ಇಬ್ಬರು ಒಂದು ವರ್ಷ ಮಾತು ಬಿಟ್ಟಿದ್ದರು. ನಾನು ನನ್ನ ಕಪ್ಪು ತಗೊಂಡು ಹೋಗಿ ಅವರ ನಡುವೆಯೇ ಕೂತೆ. ಉಳಿದ ಮೂರೂವರೆ ವಾರದಲ್ಲಿ ಮಷೀನು ಎಷ್ಟು ಕಲಿತೆನೋ, ಊರಿಗೆ ಹೋಗಿ ಇದನ್ನು ಹೇಗೆ ಹೇಳುವುದೆಂದು ಅಷ್ಟೇ ಅಭ್ಯಾಸ ಮಾಡಿದೆ.

ಮತ್ತೆ ಡೊಂಬಿವಲಿ

ಬಂದ ಮರುದಿನವೇ ಗಿರಿಜಾಳ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅದು ನಿಮಗ ಈಗ ತಿಳೀತೇನು?" ಎಂದಳು. "ನನಗ ಏಳು ವರ್ಷದಿಂದ ಗೊತ್ತದ."

ಮತ್ತೆ ಯಾಕೆ ಹೇಳಲಿಲ್ಲ ಎಂದರೆ, ನೀವು ಯಾವತ್ತು ಕೇಳಿದ್ದಿರಿ ಎಂದು ಮೊರ ಝಾಡಿಸಿ ಒಳಗೆ ಹೋದಳು.

ಶೆಟ್ಟರ ಹೋಟೆಲಿಗೆ ಹೋಗಿ, ಖರೆ ಮೀಟಿಂಗ್ ಕರೆಯಬೇಕು, ನಾನು ಚೇರ್ಮನ್ನನೇ ಅಲ್ಲ ಎಂದು ಎಲ್ಲರೆದುರು ಹೇಳಬೇಕು ಎಂದೆ. ಶೆಟ್ಟರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು.

"ನಿಮಗೆ ಎಂಥ ಆಗಿದೆ ಮಾರಾಯ್ರೆ?" ಎಂದರು. "ಏಳು ವರ್ಷದ ಠರಾವೆಲ್ಲ ಸುಳ್ಳು ಅಂತ ನಾವೇ ಹೇಳುವುದಾ? ನಾಳೆ ನಮ್ಮ ಮುಖ ನೋಡ್ಲಿಕ್ಕುಂಟಾ ಯಾರಾದ್ರೂ?"

ಅವರ ಮಾತು ನನಗೂ ಚುಚ್ಚಿತು. ಆ ಕುರ್ಚಿ ನನಗೆ ಇಷ್ಟವಾಗಿತ್ತು. ಜಿನ್ನೆಯ ಮೆಟ್ಟಿಲಲ್ಲಿ ಎದುರಾದವರು ಚೇರ್ಮನ್ ಸಾಹೇಬ್ ಎಂದು ದಾರಿ ಬಿಡುವುದು ಇಷ್ಟವಾಗಿತ್ತು. ಕಾರ್ಖಾನೆಯಲ್ಲಿ ದಿನವಿಡೀ ಮಾಲೀಕರಿಂದ ಹೇಳಿಸಿಕೊಳ್ಳುವ ಮನುಷ್ಯನಿಗೆ ಅದೊಂದೇ ತನ್ನದು ಅನ್ನಿಸಿತ್ತು. ಆದರೂ ಕಣ್ಣು ಮುಚ್ಚಿದರೆ ಆ ಬಯಲಿನ ಕೈಗಳೇ ಕಾಣುತ್ತಿದ್ದವು. ಶೆಟ್ಟರು ಕೊನೆಗೆ, ನಿಮ್ಮ ಹಣೆಬರಹ ಎಂದು ನೋಟೀಸು ಬರೆದುಕೊಟ್ಟರು.

ಭಾನುವಾರ ಸಂಜೆ ಐದಕ್ಕೆ ಗಚ್ಚಿಯ ಮೇಲೆ ಜಮಖಾನೆ ಹಾಸಿದೆವು. ಹದಿನೈದು ಮೆಂಬರುಗಳು ಬಂದರು. ಒಬ್ಬರು ಊರಿಗೆ ಹೋಗಿದ್ದರು. ನಾನು ನಿಂತು ಎಲ್ಲವನ್ನೂ ಹೇಳಿದೆ. ಮೆಂಬರು ನನ್ನ ಹೆಂಡತಿ, ನಾನಲ್ಲ, ಏಳು ವರ್ಷ ನಾನು ಹಾಕಿದ ಒಂದೊಂದು ಸಹಿಯೂ ತಪ್ಪು ಎಂದೆ. ಮೂರನೆಯ ಮಹಡಿಯ ಒಬ್ಬರು ನಕ್ಕರು, ಇನ್ನೊಬ್ಬರು ಇದು ಕೋರ್ಟಿಗೆ ಹೋಗುವ ಮಾತು ಎಂದರು. ಜೋಶಿ ಕಾಕೂ ಮೊಣಕಾಲು ಹಿಡಿದು ನಿಧಾನವಾಗಿ ಎದ್ದರು. ತಪ್ಪನ್ನು ತಾನೇ ಬಂದು ಹೇಳಿದವನಿಗೆ ಈ ಒಂದು ಸಭೆ ನಡೆಸಿಕೊಡಲು ಬಿಡೋಣ, ಮತ ಮಾತ್ರ ಅವನಿಗಿಲ್ಲ, ಹೊಸ ಚೇರ್ಮನ್ನನನ್ನು ಮುಂದಿನ ಭಾನುವಾರ ಆರಿಸೋಣ ಎಂದರು. ಎಲ್ಲರೂ ಒಪ್ಪಿದರು.

ನಲ್ಲಿಯ ವಿಷಯ ತೆಗೆದೆ. ಎರಡು ಗಂಟೆ ಸಾಲಲಿಲ್ಲ! ಟಾಕಿ ತುಂಬದ ಕಷ್ಟವನ್ನು ಮೇಲಿನವರು ಹೇಳಿದರು. ಅದು ಸುಳ್ಳಲ್ಲ, ಆ ಬೇಸಿಗೆಯಲ್ಲಿ ನಾವೂ ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುತ್ತಿದ್ದೆವು. ಜೋಶಿ ಕಾಕೂ ಚಾಳಿನ ಬಾವಿಯ ಮಾತು ಹೇಳಿದರು. ಅದರ ನೀರಿಗೆ ಒಂದು ವರ್ಷದಿಂದ ಬಣ್ಣ ಬಂದಿದೆ, ಕುಡಿದರೆ ಬಾಯಿ ಕಹಿಯಾಗುತ್ತದೆ. ಬಣ್ಣ ಎಂದಾಗ ನಾನು ನೆಲ ನೋಡಿದೆ, ನಮ್ಮ ಕಾರ್ಖಾನೆಯ ಬಣ್ಣದ ನೀರು ಎಲ್ಲಿಗೆ ಹರಿಯುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಚಾಳಿನವರಿಗೆ ಈ ಗಚ್ಚಿಯ ಮೇಲೆ ಎತ್ತಲು ಕೈಯಿಲ್ಲ, ಆದ್ದರಿಂದ ನಿಮ್ಮ ಕೈ ಎತ್ತುವಾಗ ಅವರನ್ನೂ ಸ್ವಲ್ಪ ನೆನೆಯಿರಿ ಎಂದು ಹೇಳಿ ಅವರು ಕೂತರು.

ನಲ್ಲಿ ಬಂದ್ ಮಾಡಲು ಒಪ್ಪುವವರು ಎಂದು ಕೇಳಿದೆ. ಏಳು ಕೈ. ಶೆಟ್ಟರದೂ ಇತ್ತು. ಬೇಡವೆನ್ನುವವರು ಎಂದೆ. ಏಳು ಕೈ. ಮತ್ತೊಮ್ಮೆ ಎಣಿಸಿದೆ. ಗಿರಿಜಾ ಎರಡು ಸಲವೂ ಕೈ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಠರಾವು ನಾನು ತಂದದ್ದು. ಅವಳ ಕೈ ನನ್ನ ಕಡೆಗೇ ಎಂದು ಶೆಟ್ಟರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು.

"ನೀರು ನಮಗ ಸಾಲಂಗಿಲ್ಲ, ಖರೆ," ಎಂದಳು ಗಿರಿಜಾ. "ಆದ್ರ ಆ ನಲ್ಲಿಯಿಂದ ಮುಂಜಾನೆ ಎಷ್ಟು ಕೊಡ ಹೋಗ್ತಾವ ಅಂತ ಯಾರರೆ ನಿಂತು ನೋಡೀರೇನು?"

ಯಾರೂ ನೋಡಿರಲಿಲ್ಲ. ಠರಾವು ಮಾಡಿದ ನಾನೂ ನೋಡಿರಲಿಲ್ಲ. ಅವಳು ಬೇಡ ಎನ್ನುವವರ ಕಡೆಗೆ ಕೈ ಎತ್ತಿದಳು. ಬಳೆ ಮೊಣಕೈಗೆ ಸರಿಯುವಷ್ಟು ನೆಟ್ಟಗೆ, ನನ್ನ ಮುಖವನ್ನೇ ನೋಡುತ್ತ.

ಎಂಟು ಎಂದೆ. ಕುರ್ಚಿಯೂ ಹೋಯಿತು, ಠರಾವೂ ಹೋಯಿತು. ಆದರೆ ನನಗೆ ಗ್ಲಾರುಸಿನಲ್ಲಿ ಆದದ್ದಕ್ಕಿಂತ ಜೋರಾಗಿ ಮೈ ಜುಮ್ಮೆಂದಿತು. ಶೆಟ್ಟರು ರಿಜಿಸ್ಟರನ್ನು ನನ್ನ ಕಡೆ ದೂಡಿ, ಸೋಲನ್ನು ನೀವೇ ಬರೆಯಿರಿ ಎಂದರು. ಬರೆದೆ. ಯಾರು ಏನು ಮಾತಾಡಿದರು, ಯಾರ ಕೈ ಯಾವ ಕಡೆ ಎದ್ದಿತು ಎಲ್ಲ ಬರೆದೆ. ವಿರೋಧಿಸಿದವರ ಸಾಲಿನಲ್ಲಿ ಕೊನೆಗೆ ಸೌ. ಗಿರಿಜಾ ಕುಲಕರ್ಣಿ ಎಂದು ಬರೆದಾಗ ನೋಡುತ್ತೇನೆ, ಏಳು ವರ್ಷದ ಆ ರಿಜಿಸ್ಟರಿನಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಪಕ್ಕದಲ್ಲಿ ಸಹಿ ಮಾಡಲು ಪೆನ್ನು ಕೊಟ್ಟೆ. ಅವಳು ಪೆನ್ನನ್ನು ಜಮಖಾನೆಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ನಾನು ಬರೆದದ್ದನ್ನೆಲ್ಲ ಮೊದಲ ಸಾಲಿನಿಂದ ಓದತೊಡಗಿದಳು. ನಾವೆಲ್ಲ ಕಾಯುತ್ತ ಕೂತೆವು.